ಕರಜಗಿ ಕಲ್ಲಿಗೆ ನಾವು ತೊಡಿಸಿದ ಮರ್ಯಾದೆ

ಮ್ಯೂಸಿಯಂ ಎಂದರೆ ಸದ್ದಿಲ್ಲದ ಜಾಗ, ಅಲ್ಲಿ ಏನೂ ನಡೆಯುವುದಿಲ್ಲ ಎಂದುಕೊಂಡೇ ನಾನು ನಮ್ಮೂರ ಮ್ಯೂಸಿಯಮ್ಮಿನ ಕೀಲಿಕೈ ಇಸಿದುಕೊಂಡೆ. ಈಗ ನೋಡಿದರೆ ತಲೆ ತಗ್ಗಿಸುವಂಥ ಒಂದಲ್ಲ ಒಂದು ಪ್ರಸಂಗ ನಡೆಯುತ್ತಲೇ ಇರುತ್ತದೆ. ನಗು ಬರುವುದು ಆಮೇಲೆ, ಮನೆಗೆ ಬಂದು ಚಹಾಕ್ಕೆ ನೀರಿಟ್ಟ ಮೇಲೆ. ನಡೆಯುವ ಹೊತ್ತಿಗೆ ಮಾತ್ರ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತದೆ.

ನಾನು ಹುಟ್ಟಿದ್ದು ಕೊಳ್ಳೇಗಾಲದ ಹತ್ತಿರ. ಚಿತ್ರಕಲೆ ಕಲಿಸುವ ಕೆಲಸ ಸಿಕ್ಕಿದ್ದು ಅಫಜಲಪುರದಲ್ಲಿ. ಸ್ವಲ್ಪ ದಿನ ಇದ್ದು ವರ್ಗ ಮಾಡಿಸಿಕೊಂಡರಾಯಿತು ಎಂದು ಬಂದವಳು ಇಲ್ಲೇ ಮದುವೆಯಾಗಿ, ಇಲ್ಲೇ ನಿವೃತ್ತಳಾಗಿ, ಇಲ್ಲೇ ಮುದುಕಿಯಾದೆ. ಈಗಲೂ ನಾನು ಸಂತೆಯಲ್ಲಿ ಬಾಯಿ ತೆರೆದರೆ "ಅಕ್ಕಾರು ಮೈಸೂರ ಕಡಿಯವ್ರು" ಎನ್ನುತ್ತಾರೆ. ಊರಿನ ಹಿರಿಯರು ಸೇರಿ ಸರ್ಕಾರಿ ದವಾಖಾನೆಯ ಪಕ್ಕದ ಹಳೆಯ ಕಟ್ಟಡದ ಎರಡು ಕೋಣೆಗಳಲ್ಲಿ ಮ್ಯೂಸಿಯಂ ಮಾಡಿ, ನೋಡಿಕೊಳ್ಳಲು ನನಗೆ ಕೊಟ್ಟರು. ಹೊಲಗಳಲ್ಲಿ ಸಿಕ್ಕ ವೀರಗಲ್ಲು, ಮೂಗು ಮುರಿದ ನಂದಿ, ಒಡೆದ ಶಾಸನ, ಇವೇ ನಮ್ಮ ಆಸ್ತಿ. ಕಮಿಟಿಯ ಅಧ್ಯಕ್ಷರು ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟ ಸಾವಕಾರರು. ಒಳ್ಳೆಯವರು, ಆದರೆ ಅಂಜುಬುರುಕರು. ಕಾವಲಿಗೆ ಒಬ್ಬರು ಚಾಚಾ ಇದ್ದಾರೆ. ಹರೆಯದಲ್ಲಿ ಹೈದರಾಬಾದ್ ನೋಡಿ ಬಂದವರು, ಮ್ಯೂಸಿಯಂ ಅನ್ನುವುದಿಲ್ಲ, ಅಜಾಯಬ್‌ಘರ್ ಅನ್ನುತ್ತಾರೆ. ಅಚ್ಚರಿಗಳ ಮನೆ ಎಂದರ್ಥ. ನಡೆದದ್ದನ್ನೆಲ್ಲ ನೋಡಿದರೆ ಅವರ ಮಾತೇ ಸರಿ ಅನ್ನಿಸುತ್ತದೆ.

೧. ಟಾವೆಲ್

ಕರಜಗಿಯ ಒಬ್ಬ ಮುದುಕಿಯ ಕಬ್ಬಿನ ಹೊಲದಲ್ಲಿ ಪೈಪು ಹಾಕಲು ಅಗೆಯುವಾಗ ಒಂದು ಕಲ್ಲು ಸಿಕ್ಕಿತು. ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ ತಂದರು. ಮುದುಕಿಯೂ ಹುಲ್ಲಿನ ಮೇಲೆ, ಕಲ್ಲಿನ ಪಕ್ಕದಲ್ಲೇ ಕುಳಿತು ಬಂದಳು. ನಾವೆಲ್ಲ ಆಕೆಯನ್ನು ಕರಜಗಿ ಆಯಿ ಎನ್ನುತ್ತೇವೆ. ಆಯಿ ಎಂದರೆ ಇಲ್ಲಿ ಅಜ್ಜಿ.

ಇಳಿಸಲು ಬಂದ ಗಂಡಸರು ಹುಲ್ಲು ಸರಿಸಿದರು. ಸರಿಸಿದ ಕೂಡಲೇ ಎಲ್ಲರೂ ಆಕಾಶ ನೋಡತೊಡಗಿದರು. ಕಲ್ಲಿನಲ್ಲಿದ್ದದ್ದು ಬತ್ತಲೆ ಹೆಂಗಸು. ತಲೆಯ ಜಾಗದಲ್ಲಿ ಅರಳಿದ ತಾವರೆ. ಮೊಣಕಾಲು ಎರಡೂ ಕಡೆ ಮಡಿಸಿ, ಅಗಲಿಸಿ, ಹೆರಲು ಕುಳಿತವಳು. ಓದಿದವರು ಲಜ್ಜಾಗೌರಿ ಎನ್ನುತ್ತಾರೆ. ಮಕ್ಕಳು ಬೇಕೆಂದು, ಬೆಳೆ ಬೇಕೆಂದು ಹಿಂದಿನವರು ಪೂಜಿಸಿದ ತಾಯಿ. ಆಕೆಯ ಮೈಯಲ್ಲಿ ಲಜ್ಜೆಯೇನೂ ಕಾಣಲಿಲ್ಲ. ಅದೆಲ್ಲ ನಮ್ಮ ಮುಖಕ್ಕೆ ಬಂದಿತ್ತು.

ಒಬ್ಬ ಹೆಗಲ ಮೇಲಿನ ಟಾವೆಲ್ ತೆಗೆದು ಎಸೆದ. ಕಣ್ಣು ಇನ್ನೂ ಆಕಾಶದಲ್ಲೇ ಇದ್ದುದರಿಂದ ಅದು ಚಾಚಾನ ತಲೆಯ ಮೇಲೆ ಬಿತ್ತು. ಚಾಚಾನ ತಲೆಯಿಂದ ತೆಗೆದು ಕಲ್ಲಿಗೆ ಹೊದಿಸಿದವಳು ನಾನೇ. ವರ್ಷಗಟ್ಟಲೆ ಹುಡುಗಿಯರಿಗೆ ಚಿತ್ರಕಲೆ ಕಲಿಸಿದ ಕೈ ಅದು.

ಆಯಿ ಟ್ರ್ಯಾಕ್ಟರಿನಿಂದ ಇಳಿದು ನೋಡಿದಳು. "ಅಕ್ಕಾರ, ಆಕಿಗೇನು ನೆಗಡಿ ಬಂದದೇನ್ರಿ?" ಎಂದಳು.

ಪುರಾತತ್ವ ಇಲಾಖೆಯವರು ಮೊದಲೇ ಹೊಲಕ್ಕೆ ಬಂದು ನೋಡಿ, ಆಯಿ ಒಪ್ಪಿದರೆ ಕಲ್ಲು ಮ್ಯೂಸಿಯಮ್ಮಿನಲ್ಲಿರಲಿ, ಇಲ್ಲದಿದ್ದರೆ ಆಕೆಯ ಹೊಲದಲ್ಲೇ ಇರಲಿ ಎಂದು ಹೇಳಿದ್ದರು. ಆಯಿ ಒಪ್ಪಿದಳು, ಒಂದೇ ಮಾತಿನ ಮೇಲೆ. "ನನ್ನ ಹಿರೇ ಮಗಳು ಅದೇ ಹೊಲದಾಗ ಹುಟ್ಟ್ಯಾಳ್ರಿ. ಜ್ವಾಳ ಕೊಯ್ಯೋ ಹೊತ್ತು. ಬದುವಿನ ಮ್ಯಾಲ ನಾನೂ ಹಿಂಗೇ ಕುಂತಿದ್ದೆ. ಇಕಿ ಭಾಳ ದಿನ ಮಣ್ಣಾಗ, ಕತ್ತಲ್ದಾಗ ಇದ್ದಾಳ. ನಾಲ್ಕು ಮಂದಿ ನೋಡ್ಲಿ ಅಂತ ಕೊಡಾಕತ್ತೀನಿ. ಮುಚ್ಚಿಟ್ರಂದ್ರ ತಿರುಗಿ ಒಯ್ತೀನಿ."

ನಾನು ಟಾವೆಲ್ ತೆಗೆದೆ. ಅದರ ಒಡೆಯ ಇನ್ನೂ ಮೇಲೆಯೇ ನೋಡುತ್ತ, "ನಾಚಿಕಿ ಬರ್ತದ ಆಯಿ" ಎಂದ.

"ಬರ್ಲಿ ತಮ್ಮಾ" ಎಂದಳು ಆಯಿ. "ನಿಮ್ಮವ್ವ ನಿನ್ನ ಹಡಿಯೋ ಮುಂದ ನಾ ಬಾಜೂಕೇ ಇದ್ದೆ. ಅವತ್ತು ನೀ ಬರೇ ಮೈಲೆ ಬಂದಿ. ಒಂಚೂರೂ ನಾಚಲಿಲ್ಲ."

೨. ಗೋಡೆ ಕಡೆ ಮುಖ

ಮೊದಲು ಬಂದವರು ಆಳಂದ ತಾಲ್ಲೂಕಿನ ಮಾದನಹಿಪ್ಪರಗಾ ಕಡೆಯ ಒಂದು ಶಾಲೆಯ ಮಕ್ಕಳು. ಜೊತೆಗೆ ಒಬ್ಬ ಮಾಸ್ತರರು. ಬಾಗಿಲಲ್ಲೇ ಕಲ್ಲು ಕಣ್ಣಿಗೆ ಬಿದ್ದಿರಬೇಕು, ಅವರು ಮಕ್ಕಳನ್ನೆಲ್ಲ ತಡೆದು, "ಎಲ್ಲಾರೂ ಎಡಗಡಿ ಗ್ವಾಡಿ ಕಡಿ ಮಾರಿ ಮಾಡ್ರಿ. ಹಂಗೇ ಅಡ್ಡಡ್ಡ ನಡೀರಿ" ಎಂದರು. ಮಕ್ಕಳು ಏಡಿಗಳ ಹಾಗೆ ಅಡ್ಡಡ್ಡ ಸರಿಯುತ್ತ ಒಳಗೆ ಬಂದರು.

ಎಡಗಡೆ ಗೋಡೆಗೆ ಒರಗಿಸಿದ್ದು ಒಂದು ವೀರಗಲ್ಲು. ಒಡೆಯನಿಗಾಗಿ ತನ್ನ ತಲೆಯನ್ನು ತಾನೇ ಕಡಿದುಕೊಂಡವನದು. ಮಾಸ್ತರರಿಗೆ ಜೀವ ಬಂತು. "ನೋಡ್ರಿ ಮಕ್ಕಳಾ, ಹಿಂಗ ಬಲಗೈಲಿ ಕತ್ತಿ ಹಿಡದಾನ. ಹಿಂಗ ಎಡಗೈಲಿ ಜುಟ್ಟ ಹಿಡದಾನ. ಒಂದೇ ಏಟು."

"ರಕ್ತ ಎಲ್ಲದ ಸರ್?"

"ಇಲ್ಲಿ ನೋಡ್ರಿ, ಕೊರಳಾಗಿಂದ ಚಿಮ್ಮಾಕತ್ತದ. ಎಲ್ಲಾರಿಗೂ ಕಾಣಸ್ತದೇನು? ಹಿಂದಿನವ್ರು ಮುಂದ ಬರ್ರಿ."

ಹುಟ್ಟುವುದನ್ನು ನೋಡಬಾರದು, ಸಾಯುವುದನ್ನು ಸಾಲಾಗಿ ನಿಂತು ನೋಡಬೇಕು. ನಾನು ಏನಾದರೂ ಹೇಳಬೇಕಿತ್ತು. ಮಾಸ್ತರರಿಗೆ ಚಹಾ ತರಿಸಿದೆ. ಅವರು ಚಹಾ ಕುಡಿಯುತ್ತ, "ಮಕ್ಕಳು ಬರೋ ಜಾಗ ಅಕ್ಕಾರ, ಆ ಕಲ್ಲು ಯಾಕ ಇಟ್ಟೀರಿ? ಮನಸ್ಸು ಕೆಡ್ತಾವ" ಎಂದರು. ನಾನು ಖಾಲಿ ಕಪ್ಪು ಇಸಿದುಕೊಂಡೆ.

ಹೊರಡುವಾಗ ಒಬ್ಬ ಹುಡುಗಿ ಕೈ ಎತ್ತಿದಳು. "ಸರ್, ಈ ಕಡಿ ಇದ್ದಾತ ತಲಿ ಕಡ್ಕೊಂಡಾನ, ಅದಕ್ಕ ವೀರ ಅಂದ್ರಿ. ಆ ಕಡಿ ಇದ್ದಾಕಿಗೂ ತಲಿ ಇಲ್ರಿ. ಆಕಿನೂ ವೀರಳೇನ್ರಿ?"

ಮಾಸ್ತರರು ಇಡೀ ಸಾಲನ್ನೊಮ್ಮೆ ನೋಡಿದರು. "ನೀ ಯಾವಾಗ ನೋಡಿದಿ ಬೇ?" ಎಂದರು.

"ನಾವೆಲ್ಲಾರೂ ಬಾಗಲ್ದಾಗೇ ನೋಡೇವ್ರಿ ಸರ್."

೩. ಪಡದಾ

ಮಾಸ್ತರರು ಹೋಗುವ ದಾರಿಯಲ್ಲೇ ಬಟ್ಟೆ ಅಂಗಡಿಗೆ ಹೋಗಿ ಹೇಳಿದರು. ಸಾವಕಾರರು ಓಡಿ ಬಂದರು. ಮ್ಯೂಸಿಯಮ್ಮಿಗೆ ಹೊಸ ದೀಪಗಳು ಬಂದಿದ್ದವು. ಅವುಗಳ ಉದ್ಘಾಟನೆಗೆ ದೊಡ್ಡ ಸಾಹೇಬರೊಬ್ಬರು ಹೆಂಡತಿಯ ಸಮೇತ ಬರುವವರಿದ್ದರು.

"ತೆಗೀರಿ ಅನ್ನಂಗಿಲ್ಲ ಅಕ್ಕಾರ. ಜರಾ ಮರಿ ಮಾಡ್ರಿ, ಕಾಣದಂಗ."

"ಆಯಿಗೆ ಮಾತು ಕೊಟ್ಟಿದ್ದೇವಲ್ಲ?"

"ಆಯಿ ಬಂದಾಗ ಸರಸ್ರಿ."

ಶಾಲೆಯ ನಾಟಕದ ಹಳೆಯ ಪರದೆ ಮನೆಯಲ್ಲಿತ್ತು. ಕೆಂಪು ಮಖಮಲ್ಲು, ಅಂಚಿಗೆ ಜರಿ. ಕತ್ತರಿಸಿ, ಹೊಲಿದು, ಕಲ್ಲಿನ ಮುಂದೆ ನಾನೇ ಇಳಿಬಿಟ್ಟೆ. ನನ್ನ ಚಿತ್ರಕಲೆಯೆಲ್ಲ ಅಲ್ಲಿಗೆ ಬಂತು ನೋಡಿ, ಪರದೆಯ ನೆರಿಗೆಗಳು ಮಾತ್ರ ಬಹಳ ಚೆನ್ನಾಗಿ ಬಿದ್ದವು.

ನಾನು ಒಂದನ್ನು ಯೋಚಿಸಿರಲಿಲ್ಲ. ಈ ಸೀಮೆಯಲ್ಲಿ ಜರಿ ಅಂಚಿನ ಕೆಂಪು ಪರದೆ ಎಲ್ಲಿ ಕಂಡರೂ ಜನ ಚಪ್ಪಲಿ ಬಿಡುತ್ತಾರೆ. ಸಾಹೇಬರು ಒಳಗೆ ಬಂದವರೇ ಬೂಟು ಬಿಚ್ಚಿದರು. ಹಿಂದಿದ್ದವರೆಲ್ಲ ಬಿಚ್ಚಿದರು. ಸಾಹೇಬರ ಹೆಂಡತಿ ತಲೆಯ ಮೇಲೆ ಸೆರಗು ಹೊದ್ದು, "ಯಾವ ದೇವ್ರು?" ಎಂದು ಕೇಳಿದರು.

ಸಾವಕಾರರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. "ದೇವೀರಿ" ಎಂದರು ಸಾವಕಾರರು.

"ಪಡದಾ ಯಾವಾಗ ತಗೀತಾರ?"

"ಅದು... ಇವತ್ತ ತಗಿಯಂಗಿಲ್ರಿ."

ಸಾಹೇಬರು ಬಹಳ ಶ್ರದ್ಧೆಯಿಂದ ಕೈಮುಗಿದರು. ಅಷ್ಟರಲ್ಲಿ ಯಾರೋ ತೆಂಗಿನಕಾಯಿ ತಂದರು. ಒಡೆಯಲು ಕಲ್ಲು ಬೇಕಲ್ಲ, ಶಾಸನದ ಮೇಲೆ ಒಡೆದರು. ಸಾಹೇಬರು ಕಾಯಿಯ ಹೋಳು ಹಿಡಿದುಕೊಂಡು ಹಾಗೆಯೇ ಕಾರು ಹತ್ತಿದರು. ದೀಪ ಹಚ್ಚುವುದನ್ನು ಅವರೂ ಮರೆತರು, ನಾವೂ ಮರೆತೆವು.

ಎಲ್ಲರೂ ಹೋದ ಮೇಲೆ ಚಾಚಾ ಶಾಸನದ ಮೇಲಿನ ಕಾಯಿನೀರು ಒರೆಸುತ್ತ ಕೇಳಿದರು. "ಅಕ್ಕಾರ, ನಾಳೆ ಬರೋ ಮಂದಿಗಿ ಟಿಕೀಟ್ ಕೊಡ್ಲೇನು, ತೀರ್ಥ ಕೊಡ್ಲೇನು?"

೪. ಆರೋಪಿ

ಆಯಿ ತಿಂಗಳಿಗೊಮ್ಮೆ ಕರಜಗಿ ಬಸ್ಸಿಗೆ ಬರುತ್ತಿದ್ದಳು. ಚಾಚಾ ಬೀದಿಯ ತುದಿಯಲ್ಲಿ ಆಕೆಯ ಹಸಿರು ಸೀರೆ ಕಂಡೊಡನೆ ಕೆಮ್ಮುತ್ತಿದ್ದರು. ನಾನು ಓಡಿ ಪರದೆ ಸರಿಸುತ್ತಿದ್ದೆ. ಮುಚ್ಚಿದ್ದನ್ನೂ ಮುಚ್ಚಿಡುವ ಕೆಲಸ. ಈ ವಯಸ್ಸಿಗೆ ಅದೂ ನನ್ನ ಪಾಲಿಗೆ ಬಂತು.

ಇಷ್ಟಾದರೂ ಯಾರೋ ಪರದೆಯ ಸಂದಿಯಿಂದ ಫೋಟೋ ತೆಗೆದರು. ಫೋಟೋ ಮೊಬೈಲಿನಿಂದ ಮೊಬೈಲಿಗೆ ಹೋಗಿ ಜೇವರ್ಗಿ ದಾಟುವ ಹೊತ್ತಿಗೆ, ಈಗಿನ ಕಾಲದ ಕಲಾವಿದನೊಬ್ಬ ನಮ್ಮ ದೇವಿಯನ್ನು ಬತ್ತಲೆ ಮಾಡಿ ತಲೆಯನ್ನೂ ತೆಗೆದಿದ್ದಾನೆ ಎಂದಾಗಿತ್ತು. ಒಂದು ಬೆಳಿಗ್ಗೆ ಹತ್ತಾರು ಮೋಟರ್‌ಸೈಕಲ್ಲುಗಳು ಬಂದು ನಿಂತವು. ಹಿಂದೆಯೇ ಗಲಾಟೆಯಾಗದಂತೆ ನೋಡಲು ಒಬ್ಬ ಪೊಲೀಸ್ ಜಮಾದಾರರು.

ಮುಂದಾಳು ಪರದೆ ಸರಿಸಿ ನೋಡಿ, ಕಣ್ಣು ಕೆಳಗೆ ಮಾಡಿ, "ಇದನ್ನ ಮಾಡಿದವ ಯಾರ್ರಿ?" ಎಂದ.

"ಗೊತ್ತಿಲ್ಲಪ್ಪ" ಎಂದೆ.

"ಗೊತ್ತಿಲ್ಲಂದ್ರ ಹ್ಯಾಂಗ? ಯಾವ ಊರಾವ?"

"ಇದೇ ಕಡೆಯವನಿರಬೇಕು. ಸಾವಿರ ವರ್ಷದ ಮೇಲಾಗಿರಬಹುದು."

ಅವನು ಹಿಂದೆ ತಿರುಗಿ, "ನೋಡ್ರಿಲೇ, ಬಚಾವ್ ಮಾಡಾಕತ್ತಾರ" ಎಂದ.

ಜಮಾದಾರರು ಆಕಳಿಸಿದರು. "ಬರಕೋರಿ. ಆರೋಪಿ ಲೋಕಲ್. ಈಗ ಪರಾರಿ ಅದಾನ."

"ಹೋಗ್ಲಿ, ತಲಿ ಒಡದವ್ರು ಯಾರು? ಇಲ್ಲಿ ಕಾವಲು ಯಾರದು?" ಎಂದ ಮುಂದಾಳು.

ಚಾಚಾ ಮುಂದೆ ಬಂದು ತಮ್ಮ ಹೆಸರು ಹೇಳಿದರು. ಹೆಸರು ಕೇಳಿದ ಕೂಡಲೇ ಬಂದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟದಲ್ಲಿ ಏನಿತ್ತೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ತಲೆ ಒಡೆದಿಲ್ಲ, ಅಲ್ಲಿ ಮೊದಲಿನಿಂದಲೂ ತಾವರೆಯೇ ಇರುವುದು ಎಂದು ಹೇಳಬೇಕಾದವಳು ನಾನು. ಏನೂ ಆಗದವರ ಹಾಗೆ ಮಾತಾಡಿದವರು ಚಾಚಾನೇ.

"ತಲಿ ಮಾತ ಬಿಡ್ರಿ ತಮ್ಮಾ, ಆಕಿ ಕಾಲ್ಬೆರಳೂ ನಾ ಸರೀ ನೋಡಿಲ್ಲ. ಅಕ್ಕಾರು ಪಡದಾ ಹಾಕ್ಯಾರ. ನಮ್ಮ ಮನಿ ಹೆಣಮಕ್ಕಳಿಗೂ ಇಷ್ಟು ಬಂದೋಬಸ್ತ್ ಇಲ್ಲ."

ಮೊದಲು ನಕ್ಕವರು ಜಮಾದಾರರು. ಆಮೇಲೆ ಹಿಂದಿದ್ದ ಇಬ್ಬರು. ನನಗೆ ಆಗ ಬಾಯಿ ಬಂತು. ತಾವರೆಯ ಒಂದೊಂದೇ ಎಸಳು ಮುಟ್ಟಿ, ಎಲ್ಲೂ ಮುರಿದಿಲ್ಲ ಎಂದು ತೋರಿಸಿದೆ. ಈಕೆ ಯಾರು, ಯಾಕೆ ಹೀಗೆ ಕುಳಿತಿದ್ದಾಳೆ ಎಂದು ಹೇಳಿದೆ. ಮೋಟರ್‌ಸೈಕಲ್ಲುಗಳು ಒಂದೊಂದಾಗಿ ಹೋದವು.

ಮುಂದಾಳು ಮಾತ್ರ ಚಪ್ಪಲಿ ಹುಡುಕುವ ನೆಪದಲ್ಲಿ ಹಿಂದೆ ಉಳಿದ. "ಅಕ್ಕಾರ, ನಮ್ಮ ಮದಿವಿ ಆಗಿ ಭಾಳ ದಿನ ಆತ್ರಿ. ಮಕ್ಕಳಿಲ್ಲ. ಹೆಂಡತೀನ ಕರಕೊಂಡು ಬಂದ್ರ ನಡೀತದೇನ್ರಿ?"

"ಬಾರಪ್ಪ" ಎಂದೆ.

"ಅವತ್ತ ಪಡದಾ ಪೂರಾ ತಗೀರಿ ಮತ್ತ" ಎಂದು ಗಾಡಿ ಹತ್ತಿದ.

೫. ಅಳತೆ

ಸಾವಕಾರರಿಗೆ ಆ ರಾತ್ರಿ ನಿದ್ದೆ ಬರಲಿಲ್ಲವಂತೆ. ಕಮಿಟಿ ಕೂಡಿಸಿ, ಪರದೆಯಾದರೆ ಸರಿಸಿ ನೋಡುತ್ತಾರೆ, ಸೀರೆ ಉಡಿಸಿಬಿಟ್ಟರೆ ಸರಿಸುವವರಿಲ್ಲ ಎಂದು ತೀರ್ಮಾನ ಮಾಡಿದರು. ತಮ್ಮ ಅಂಗಡಿಯಿಂದಲೇ ಇಳಕಲ್ ಸೀರೆ, ಖಣದ ಕುಪ್ಪಸದ ಬಟ್ಟೆ ಕಳಿಸಿದರು. ಜೊತೆಗೆ ಒಬ್ಬ ದರ್ಜಿ.

ದರ್ಜಿ ಕಲ್ಲಿಗೆ ಬೆನ್ನು ಮಾಡಿ ನಿಂತು, ಅಳತೆಯ ಪಟ್ಟಿಯನ್ನು ಹಿಂದಿನಿಂದಲೇ ನನಗೆ ಚಾಚಿದ. "ಪರಸ್ತ್ರೀ ಅದಾಳ್ರಿ ಅಕ್ಕಾರ. ನೀವ ಅಳದು ಹೇಳ್ರಿ. ನಾ ಬರಕೋತೀನಿ."

ನಾನು ಅಳೆದೆ. ಎದೆ ಹೇಳಿದೆ, ತೋಳು ಹೇಳಿದೆ. ದನಿ ತಾನಾಗಿಯೇ ಸಣ್ಣದಾಗುತ್ತಿತ್ತು.

"ಕೊರಳು?"

"ಕೊರಳಿಲ್ಲಪ್ಪ. ಹೂವಿದೆ."

ಅವನು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಯೋಚಿಸಿದ. "ಹಂಗಾದ್ರ ನೆಕ್ ಡೀಪ್ ಇಡ್ಲೇನ್ರಿ?"

ಕುಪ್ಪಸ ಹೇಗೋ ಆಯಿತು. ಹಾಗೆ ಕುಳಿತವಳಿಗೆ ಸೀರೆ ಉಡಿಸುವುದು ಯಾರಿಂದಲೂ ಆಗದ ಕೆಲಸ. ಸುತ್ತಿ, ಹೊಲಿಗೆ ಹಾಕಿ, ಹಿಂದೆ ಬಿಚ್ಚಲಾಗದಂಥ ಗಂಟುಗಳನ್ನು ಬಿಗಿದೆ. ದೂರದಿಂದ ನೋಡಿದರೆ ಮುಸುಕು ಹಾಕಿಟ್ಟ ಹೊಲಿಗೆ ಮಿಷನ್ನಿನ ಹಾಗೆ ಕಾಣುತ್ತಿತ್ತು.

ಆ ಸಲ ಆಯಿ ಬಂದಾಗ ಚಾಚಾ ಕೆಮ್ಮಿದರೂ ಉಪಯೋಗವಾಗಲಿಲ್ಲ. ಆಯಿ ಕಲ್ಲಿನ ಸುತ್ತ ಒಂದು ಸಲ ಬಂದಳು. ಗಂಟುಗಳನ್ನು ಮುಟ್ಟಿ ನೋಡಿದಳು. ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಛಲೋ ಹೊಲದೀರಿ ಅಕ್ಕಾರ" ಎಂದಳು. "ನನ್ನ ಮೊಮ್ಮಗಳಿಗೆ ದಿನ ತುಂಬ್ಯಾವ. ಆಕೀ ಹೆರಗಿ ಆಗ್ಲಿ. ಆಮ್ಯಾಲ ಟ್ರ್ಯಾಕ್ಟರ್ ತರ್ತೀನಿ. ಇಕೀನ ಒಯ್ತೀನಿ."

ನಾನು ತಲೆ ಬಗ್ಗಿಸಿ ನಿಂತಿದ್ದೆ. ಆಗಲೇ ಸೊಲ್ಲಾಪುರ ಕಡೆಯಿಂದ ಮ್ಯೂಸಿಯಂ ನೋಡಲು ಬಂದಿದ್ದ ಹೆಂಗಸೊಬ್ಬರು ನಮ್ಮಿಬ್ಬರ ನಡುವೆ ತೂರಿ, ಲಜ್ಜಾಗೌರಿಯ ಸೆರಗನ್ನು ಬೆರಳಲ್ಲಿ ಉಜ್ಜಿ ನೋಡಿದರು. "ನೂಲು ಛಲೋ ಅದ. ಇದರಾಗ ಹಸಿರು ಅದೇನ್ರಿ?"

೬. ಗಂಟು

ಸಾವಕಾರರ ಮಗಳೂ ಹೆರಿಗೆಗೆ ತವರಿಗೆ ಬಂದಿದ್ದಳು. ಸೊಲ್ಲಾಪುರದ ದೊಡ್ಡ ಆಸ್ಪತ್ರೆ ಗೊತ್ತು ಮಾಡಿದ್ದರು. ಆದರೆ ದಿನಕ್ಕೆ ಮೊದಲೇ ಬೇನೆ ಸುರುವಾಗಿ, ಅಷ್ಟು ದೂರ ಹೋಗುವುದು ಬೇಡವೆಂದು ನಮ್ಮ ಪಕ್ಕದ ಸರ್ಕಾರಿ ದವಾಖಾನೆಗೇ ಕರೆತಂದರು. ಬಾಜೂ ಮಂಚದ ಮೇಲೆ ಕರಜಗಿ ಆಯಿಯ ಮೊಮ್ಮಗಳು.

ಇಲ್ಲಿ ಒಂದು ಪದ್ಧತಿ ಇದೆ. ಹೆರಿಗೆ ತಡವಾದರೆ ಹತ್ತಿರದಲ್ಲಿ ಕಟ್ಟಿದ್ದು, ಮುಚ್ಚಿದ್ದು, ಕೀಲಿ ಹಾಕಿದ್ದು ಏನೂ ಇರಬಾರದು. ಹೆಣೆದ ಜಡೆ ಬಿಚ್ಚುತ್ತಾರೆ, ಪೆಟ್ಟಿಗೆ ತೆರೆದಿಡುತ್ತಾರೆ, ಕಾಳಿನ ಚೀಲದ ಬಾಯಿ ಬಿಚ್ಚುತ್ತಾರೆ. ಹಾಗೆ ಬಿಚ್ಚಿದರೆ ಒಳಗಿನ ಗಂಟೂ ಬಿಡುತ್ತದೆ ಎಂದು ನಂಬಿಕೆ.

ಮಧ್ಯಾಹ್ನ ಸಾವಕಾರರು ಏದುಸಿರು ಬಿಡುತ್ತ ಮ್ಯೂಸಿಯಮ್ಮಿಗೆ ಬಂದರು. ತಲೆಯ ಮೇಲೆ ಎಂದಿನ ಟೋಪಿ ಇರಲಿಲ್ಲ. "ಬಿಚ್ಚ್ರಿ ಅಕ್ಕಾರ, ಜಲ್ದಿ ಬಿಚ್ಚ್ರಿ."

"ಏನಾಯಿತು?"

"ಮುಂಜಾನಿಂದ ಕೂಸು ಬರವಲ್ದು. ಡಾಕ್ಟರು ಇನ್ನೊಂದ ತಾಸು ನೋಡೂಣು ಅಂದಾರ. ಆ ಕರಜಗಿ ಮುದುಕಿ ನನ್ನ ಹೆಂಡತಿ ಮುಂದ ಹೇಳ್ಯಾಳ. ಹಡಿಯೋ ತಾಯೀನ ಬಾಜೂಕ ಗಂಟು ಕಟ್ಟಿ ಕುಂಡ್ರಿಸಿ, ಇಲ್ಲಿ ಗಂಟು ಬಿಡವಲ್ದು ಅಂದ್ರ ಹ್ಯಾಂಗ ಬಿಟ್ಟೀತು ಅಂತ. ನನ್ನ ಹೆಂಡತಿ ಅಳಾಕತ್ತಾಳ."

ನಾನು ಬಿಗಿದ ಗಂಟು ನನಗೇ ಬಿಚ್ಚಲು ಬರಲಿಲ್ಲ. ಇಬ್ಬರೂ ನೆಲಕ್ಕೆ ಕುಳಿತು ಉಗುರು ಹಾಕಿ ಎಳೆದೆವು. ಕೊನೆಗೆ ಕಲ್ಲಿನ ಹಿಂದೆ ಬಗ್ಗಿ, ನನ್ನ ಹೊಲಿಗೆಯನ್ನು ಹಲ್ಲಿನಿಂದ ಕಡಿದವರು ಅಧ್ಯಕ್ಷರೇ. ಸೀರೆ ಜಾರಿತು, ಕುಪ್ಪಸ ಬಂತು. ಆಕೆ ಮೊದಲಿನಂತೆ ಕುಳಿತಿದ್ದಳು.

"ಪಡದಾ?" ಬದಿಗೆ ಸರಿಸಿಟ್ಟಿದ್ದ ಪರದೆ ತೋರಿಸಿ ಚಾಚಾ ಕೇಳಿದರು.

"ತಗೀರಿ ಚಾಚಾ. ಎಲ್ಲಾ ತಗೀರಿ. ಕಪಾಟಿನ ಕೀಲಿ ತಗೀರಿ."

ಚಾಚಾ ಕಪಾಟು ತೆಗೆದರು, ಕಿಟಕಿ ತೆಗೆದರು, ಬಾಗಿಲ ಅಗುಳಿ ತೆಗೆದರು, ತಮ್ಮ ಅಂಗಿಯ ಗುಂಡಿಗಳನ್ನೂ ಬಿಚ್ಚಿಕೊಂಡರು. ಸಾವಕಾರರು ನನ್ನ ತುರುಬು ನೋಡಿ, ಬಾಯಲ್ಲಿ ಹೇಳಲಾರದೆ ಕೈಮುಗಿದರು. ಬಿಚ್ಚಿಬಿಟ್ಟೆ. ಬಿಳಿ ಕೂದಲು ಹರವಿಕೊಂಡು ನಾನು, ಎದೆ ತೆರೆದುಕೊಂಡು ಚಾಚಾ, ನಡುವೆ ಆಕೆ. ಹೊರಗಿನಿಂದ ಬಂದ ಗಂಡಹೆಂಡತಿ ಇಬ್ಬರು ಬಾಗಿಲಲ್ಲಿ ಇಣುಕಿದವರು, ಟಿಕೀಟು ಕೇಳದೆ ಹಾಗೆಯೇ ಹಿಂದೆ ಸರಿದರು.

"ಇನ್ನೇನರೆ ಉಳದದೇನು?" ಸಾವಕಾರರು ಸುತ್ತ ನೋಡಿದರು. ಚಾಚಾ ಸಾವಕಾರರ ಧೋತರದ ಗಂಟನ್ನು ನೋಡಿದರು.

ಸಾವಕಾರರೂ ಬಗ್ಗಿ ನೋಡಿಕೊಂಡರು. ನನ್ನನ್ನು ನೋಡಿದರು, ಕಲ್ಲನ್ನು ನೋಡಿದರು. ಮಗಳ ಜೀವ ದೊಡ್ಡದು. "ಅಕ್ಕಾರ, ಜರಾ ಆ ಕಡಿ ನೋಡ್ರಿ" ಎಂದರು. ನಾನು ಆ ಕಡೆ ನೋಡಿದೆ. ತಿರುಗಿ ನೋಡಿದಾಗ ಗಂಟು ಬಿಚ್ಚಿತ್ತು, ಧೋತರವನ್ನು ಅವರು ಎಡಗೈಯಿಂದ ಹೊಟ್ಟೆಗೆ ಅವಚಿ ಹಿಡಿದು, ಬತ್ತಲೆ ದೇವಿಯ ಮುಂದೆ ಕಣ್ಣು ಮುಚ್ಚಿ ನಿಂತಿದ್ದರು. ಹಾಗೆ ಎಷ್ಟು ಹೊತ್ತು ನಿಂತರೋ. ನಗು ನಮಗ್ಯಾರಿಗೂ ಬರಲಿಲ್ಲ. ಪಕ್ಕದ ದವಾಖಾನೆಯ ಸದ್ದಿಗೆ ಮೂವರೂ ಕಿವಿಗೊಟ್ಟಿದ್ದೆವು.

ಸುದ್ದಿ ತಂದವಳು ಆಯಿ. ಬಾಗಿಲಲ್ಲೇ ನಿಂತು, "ಸಾವಕಾರ್ರ, ನಿಮ್ಮ ಮಗಳು ಹಡದಾಳ. ಹೆಣ್ಣ ಕೂಸು. ಇಬ್ರೂ ಛಲೋ ಅದಾರ" ಎಂದಳು.

ಸಾವಕಾರರ ಕಣ್ಣಲ್ಲಿ ನೀರು ಬಂತು. ಎಡಗೈ ಧೋತರದ ಮೇಲೆ ಇದ್ದುದರಿಂದ ಒಂದೇ ಕೈಯಲ್ಲಿ ದೇವಿಗೆ ನಮಸ್ಕಾರ ಮಾಡಿದರು. ಆಮೇಲೆ ಆ ಕೈ ತಾನಾಗಿಯೇ ನೆಲದ ಮೇಲಿದ್ದ ಇಳಕಲ್ ಸೀರೆಯ ಕಡೆ ಹೋಯಿತು.

"ಅದನ್ನ ಯಾಕ ಎತ್ತಾಕತ್ತೀರಿ?" ಎಂದಳು ಆಯಿ. "ನನ್ನ ಮೊಮ್ಮಗಳು ಇನ್ನಾ ಹಡದಿಲ್ಲ."

"ಆತು ಆಯಿ, ಆಕಿ ಹಡದ ಮ್ಯಾಲ ಉಡಸೂಣು."

"ಆಕಿ ಬಾಜೂಕ ಸರಸಂಬಾ ಊರಿನಾಕಿ ಬಂದು ಮಲಗ್ಯಾಳ. ಆಕಿಗೂ ಬ್ಯಾನಿ ಸುರು ಆಗ್ಯಾವ."

"ಆಕೀದೂ ಆಗ್ಲಿ. ಆಮ್ಯಾಲ?"

"ಆಮ್ಯಾಲ ದವಾಖಾನಿ ಮುಚ್ಚತಾರೇನ್ರಿ?"

ಸಾವಕಾರರು ದವಾಖಾನೆಯ ಗೋಡೆ ನೋಡಿದರು. ಒಬ್ಬರಾದ ಮೇಲೆ ಒಬ್ಬರು ಅಲ್ಲಿ ಹೆರುತ್ತಲೇ ಇರುತ್ತಾರೆ, ಇನ್ನು ಇಲ್ಲಿ ಏನನ್ನೂ ಕಟ್ಟುವಂತಿಲ್ಲ, ಮುಚ್ಚುವಂತಿಲ್ಲ ಎಂಬುದು ಅವರಿಗೆ ನಿಧಾನವಾಗಿ ಅರ್ಥವಾಗುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು. ಸೀರೆ ಕೈಬಿಟ್ಟರು. ಆಯಿ ಟ್ರ್ಯಾಕ್ಟರಿನ ಮಾತು ಎತ್ತಲಿಲ್ಲ. ಮೊಮ್ಮಗಳ ಕಡೆ ಹೊರಟುಹೋದಳು.

ಸಾವಕಾರರು ಮಾತ್ರ ನಿಂತಲ್ಲೇ ನಿಂತಿದ್ದರು. ಹೊರಗೆ ಬಜಾರು ತುಂಬಿತ್ತು. ಧೋತರವನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡು, ನನ್ನ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ ಕೇಳಿದರು.

"ಅಕ್ಕಾರ, ಹಂಗಾದ್ರ ನಾ ಮನಿಗಿ ಹ್ಯಾಂಗ ಹೋಗ್ಲಿ?"